ಬಟವಾಡೆಗೆ ಇನ್ನೂ ಆರು ದಿನ

ಕೊಡಗಿನ ಸಿದ್ದಾಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಫೋಟೋ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ರೀಚಾರ್ಜ್, ಇಷ್ಟೇ ಕೆಲಸ. ಊರಿನವರ ಕೈಯಲ್ಲಿ ಯಾವಾಗ ದುಡ್ಡಿದೆ, ಯಾವಾಗ ಇಲ್ಲ ಅಂತ ನನಗೆ ಆ ಮೆಷಿನ್ನೇ ಹೇಳುತ್ತದೆ. ಕಾಫಿ ಕುಯ್ಯುವ ತಿಂಗಳುಗಳಲ್ಲಿ, ಅಂದರೆ ಡಿಸೆಂಬರಿನಿಂದ ಮಾರ್ಚಿನವರೆಗೆ, ಜನ ಫೋಟೋ ದೊಡ್ಡದು ಮಾಡಿಸಲು ಬರುತ್ತಾರೆ. ಮಗುವಿನ ಹುಟ್ಟುಹಬ್ಬದ ಕಾರ್ಡು ಕಲರ್‌ನಲ್ಲಿ ತೆಗೆಸುತ್ತಾರೆ. ಜೂನ್ ಬಂತು ಅಂದರೆ ಎಲ್ಲರೂ ಕೇಳುವುದು ಒಂದೇ. ಆಧಾರ್ ಎರಡು ಕಾಪಿ, ಪಾನ್ ಎರಡು ಕಾಪಿ, ಪಾಸ್‌ಬುಕ್ಕಿನ ಮೊದಲ ಪುಟ ಒಂದು ಕಾಪಿ. ಯಾತಕ್ಕೆ ಅಂತ ನಾನು ಕೇಳುವುದಿಲ್ಲ. ಸಾಲಕ್ಕೆ ಅಂತ ಗೊತ್ತು. ಅವರೂ ಹೇಳುವುದಿಲ್ಲ. ಕಾಪಿಗಳನ್ನು ಮಡಚಿ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಹೋಗುತ್ತಾರೆ.

ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲೇ, ಒಂದು ಸೋಮವಾರ ಸಂಜೆ ಶಟರ್ ಅರ್ಧ ಎಳೆದಿದ್ದೆ. ನೆಲ್ಯಹುದಿಕೇರಿ ಕಡೆಯ ತೋಟದ ಲೈನ್‌ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ, ಇರುವ ಒಬ್ಬ ಅಕ್ಕ ಬಗ್ಗಿ ಒಳಗೆ ಬಂದರು. ವರ್ಷಗಳಿಂದ ಪರಿಚಯ. ಮಗನ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿಕೊಟ್ಟವನು ನಾನೇ. ಖಾಲಿ ಹಾಲಿನ ಪ್ಯಾಕೆಟ್ಟಿನಲ್ಲಿ ಸುತ್ತಿದ್ದ ಫೋನನ್ನು ಮೇಜಿನ ಮೇಲೆ ಇಟ್ಟರು. ಅದು ನಡುಗುತ್ತಲೇ ಇತ್ತು. "ಅಣ್ಣ, ಇದು ನಿಲ್ತಾನೇ ಇಲ್ಲ. ಬೆಳಗ್ಗೆಯಿಂದ ಇದೇ ಆಗಿದೆ, ಸ್ವಲ್ಪ ನೋಡಿ" ಅಂದರು.

ಹಿಂದಿನ ಮಂಗಳವಾರ ಅವರು ಒಂದು ಆ್ಯಪ್‌ನಲ್ಲಿ ಸಾಲ ತೆಗೆದಿದ್ದರು. ಮಗನನ್ನು ಪಿಯುಸಿಗೆ ಸೇರಿಸಲು ಅವತ್ತೇ ಕೊನೇ ದಿನ. ಸಾಲ 5,000 ಅಂತ ತೋರಿಸಿತ್ತು. ಖಾತೆಗೆ ಬಂದದ್ದು 3,200. ಉಳಿದ 1,800 ನಾಳೆ ಬರಬಹುದು ಅಂತ ಅವರು ಕಾದಿದ್ದರು. ಅದು ಬರುವ ದುಡ್ಡಲ್ಲ, ಮೊದಲೇ ಹಿಡಿದುಕೊಂಡ ದುಡ್ಡು. ಏಳನೇ ದಿನಕ್ಕೆ ಪೂರ್ತಿ 5,000 ಕಟ್ಟಬೇಕು. ಏಳನೇ ದಿನ ಮಂಗಳವಾರ, ಅಂದರೆ ನಾಳೆ. ಅವರ ತೋಟದಲ್ಲಿ ಬಟವಾಡೆ, ಅಂದರೆ ವಾರದ ಕೂಲಿ ಕೊಡುವುದು, ಭಾನುವಾರ ಬೆಳಗ್ಗೆ, ಸಂತೆಗೆ ಹೋಗುವ ಮುಂಚೆ. ಇನ್ನೂ ಆರು ದಿನ ಇತ್ತು. ಬಂದರೂ ಎಷ್ಟು ಬಂದೀತು? ಆ ವಾರ ಮಳೆ ಜೋರಾಗಿ ಎರಡು ದಿನ ಕೆಲಸವೇ ಇರಲಿಲ್ಲ.

ಫೋನ್ ಕೈಗೆ ತೆಗೆದುಕೊಂಡೆ. ಅವರ ಕಾಂಟ್ಯಾಕ್ಟ್ ಪಟ್ಟಿಯಲ್ಲಿದ್ದ ಒಬ್ಬೊಬ್ಬರಿಗೂ ಮೆಸೇಜ್ ಹೋಗಿತ್ತು. ತೋಟದ ಲೆಕ್ಕ ಬರೆಯುವ ರೈಟರಿಗೆ, ಪಿರಿಯಾಪಟ್ಟಣದ ತಂಗಿ ಗಂಡನಿಗೆ, ಮೀನು ತರುವ ಹುಡುಗನಿಗೆ. ಅವರ ಆಧಾರ್ ಕಾರ್ಡಿನ ಫೋಟೋ, ಅದರ ಮೇಲೆ ಕೆಂಪಕ್ಷರದಲ್ಲಿ ಕಳ್ಳಿ ಅಂತ. ಕಾರ್ಡಿನ ಒಂದು ಅಂಚು ಸೊಟ್ಟಗೆ ಕತ್ತರಿಸಿತ್ತು. ಆ ಲ್ಯಾಮಿನೇಷನ್ ಮಾಡಿಕೊಟ್ಟವನು ನಾನು. ಆ ಸೊಟ್ಟ ಅಂಚು ನೋಡಿದಾಗ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಕಾಂಟ್ಯಾಕ್ಟ್ ನೋಡಲು ಕೊಟ್ಟಿದ್ದ ಅನುಮತಿ ತೆಗೆದೆ. ಬಂದಿದ್ದ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಸೈಬರ್ ದೂರಿನ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಅಷ್ಟರಲ್ಲಿ ಹೋಗುವ ಮಾನ ಹೋಗಿಯಾಗಿತ್ತು. ಮಾರನೇ ದಿನ ಅವರು ಓಲೆ ಗಿರವಿ ಇಟ್ಟು 5,000 ಕಟ್ಟಿಬಿಟ್ಟರು. ಕಟ್ಟಬೇಡಿ, ಪೊಲೀಸ್ ಠಾಣೆಗೆ ಹೋಗೋಣ ಅಂದಿದ್ದೆ. "ರೈಟರ ಮುಖ ನಾನು ದಿನಾ ನೋಡ್ಬೇಕಲ್ವಾ ಅಣ್ಣ" ಅಂದರು. ಕಿವಿಯ ತೂತು ಮುಚ್ಚದಿರಲಿ ಅಂತ ಪೊರಕೆ ಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದರು.

ಆಗ ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ಇನ್ನು ಮೇಲೆ ಇಂಥದ್ದಕ್ಕೆ ಕೈ ಹಾಕಬೇಡಿ ಅಕ್ಕ ಅಂತ. ಅವರು ತಲೆ ಆಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ಸರಿ ಅಣ್ಣ. ಮತ್ತೆ ಯಾರ ಹತ್ರ ಕೇಳ್ಲಿ?"

ಸಿಟ್ಟಿನ ಮಾತು ಅದಾಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದರು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಈ ಬರಹ ಆ ಪ್ರಶ್ನೆಯ ಹಿಂದೆ ಎರಡು ವರ್ಷ ಓಡಾಡಿದ್ದು.

ಎಷ್ಟು ಬಡ್ಡಿ ಅಂತ ಯಾರೂ ಕೇಳುವುದಿಲ್ಲ

ಅಮೆರಿಕದಲ್ಲಿ ಇಂಥ ಸಾಲಕ್ಕೆ ಪೇಡೇ ಲೋನ್ ಅಂತ ಹೆಸರು. ಪೇಡೇ ಅಂದರೆ ನಮ್ಮ ಬಟವಾಡೆ ದಿನ. ಸಂಬಳ ಬರುವ ತನಕ, ಹೆಚ್ಚಾಗಿ ಎರಡು ವಾರಕ್ಕೆ ಕೊಡುವ ಸಣ್ಣ ಸಾಲ. ಅಲ್ಲಿ ಸಾಮಾನ್ಯವಾಗಿ 100 ಡಾಲರಿಗೆ 15 ಡಾಲರ್ ಫೀ. ಕೇಳಲು ಸಣ್ಣದು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 390. ಬ್ರಿಟನ್ ಇದಕ್ಕೆ 2015ರಲ್ಲಿ ಕಡಿವಾಣ ಹಾಕಿತು. ದಿನಕ್ಕೆ ನೂರಕ್ಕೆ 80 ಪೈಸೆಗಿಂತ ಹೆಚ್ಚು ತೆಗೆಯುವಂತಿಲ್ಲ, ಬಡ್ಡಿ ಫೀ ಎಲ್ಲ ಸೇರಿ ಅಸಲನ್ನು ಮೀರುವಂತಿಲ್ಲ ಅಂತ. ನಮ್ಮ ಅಕ್ಕನ ಸಾಲದ ಲೆಕ್ಕ ಹಾಕಿ ನೋಡಿ. ಕೈಗೆ ಬಂದದ್ದು 3,200. ಏಳು ದಿನಕ್ಕೆ ಅದರ ಮೇಲೆ ಕೊಟ್ಟದ್ದು 1,800. ವಾರಕ್ಕೆ ನೂರಕ್ಕೆ 56 ರೂಪಾಯಿ. ಅಮೆರಿಕದ ಆ ಫೀ ಇದರ ಮುಂದೆ ಎಲ್ಲಿಯ ಲೆಕ್ಕ.

ನಮ್ಮಲ್ಲಿ ಮೊದಲಿನಿಂದ ಇರುವುದೂ ಕಡಿಮೆಯೇನಲ್ಲ. ತಿಂಗಳಿಗೆ ನೂರಕ್ಕೆ ಐದು, ನೂರಕ್ಕೆ ಹತ್ತು, ಮೀಟರ್ ಬಡ್ಡಿ. ದಿನದ ಕಂತಿನದಂತೂ ಬಹಳ ಜನರಿಗೆ ಅರ್ಥವೇ ಆಗಿಲ್ಲ. 10,000 ಸಾಲ ಅಂತ ಬರೆದುಕೊಂಡು 9,000 ಕೈಗೆ ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ನೂರಕ್ಕೆ ಹತ್ತೇ ಅಲ್ವಾ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಮೊದಲ ದಿನದಿಂದಲೇ ವಾಪಸ್ ಕೊಡುತ್ತಾ ಬರುತ್ತೀರಿ. ಐವತ್ತನೇ ದಿನಕ್ಕೆ ಅರ್ಧದಷ್ಟೂ ನಿಮ್ಮ ಹತ್ತಿರ ಇರುವುದಿಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 75ಕ್ಕೂ ಮೇಲೆ ಹೋಗುತ್ತದೆ. ನಾನು ಇದನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಓದಿದವರು ಹೌದಲ್ಲ ಅಂದರು. ಅದೇ ವಾರ ಅದೇ ಸಾಲಕ್ಕೆ ಜೆರಾಕ್ಸ್ ಮಾಡಿಸಿಕೊಂಡೂ ಹೋದರು.

ನನ್ನ ಕಣ್ಣು ತೆರೆಸಿದ್ದು ಅದು. ಬಡ್ಡಿ ಎಷ್ಟು ಅಂತ ಗೊತ್ತಿಲ್ಲದೆ ಜನ ಮೋಸ ಹೋಗುತ್ತಾರೆ ಅಂತ ನಾನು ತಿಳಿದಿದ್ದೆ. ಅವರು ನೋಡುವುದು ಬೇರೆಯೇ ಎರಡು ವಿಷಯ. ಇವತ್ತೇ ಸಿಗುತ್ತಾ? ಯಾರ ಮುಂದೆಯೂ ನಿಂತು ಕೇಳದೆ ಸಿಗುತ್ತಾ? ಆ ಆ್ಯಪ್ ಮಧ್ಯರಾತ್ರಿಯಲ್ಲೂ ಕೊಡುತ್ತಿತ್ತು. ಯಾಕೆ, ಏನು, ಗಂಡ ಏನು ಮಾಡ್ತಾನೆ, ಕುಡಿತಾನಾ ಅಂತ ಕೇಳುತ್ತಿರಲಿಲ್ಲ. ಆ ಎರಡಕ್ಕೆ ಅವರು 1,800 ಕೊಟ್ಟರು. ಹಾಗಾಗಿ ಕಡಿಮೆ ಬಡ್ಡಿಯ ಸಾಲ ಎಲ್ಲಿದೆ ಅಂತ ಪಟ್ಟಿ ಕೊಟ್ಟರೆ ಸಾಲದು. ಅದು ದುಡ್ಡು ಬೇಕಾದ ಆ ದಿನಕ್ಕೇ ಬಂದು ಮುಟ್ಟುತ್ತಾ ಅನ್ನುವುದೂ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರೂ ಇದ್ದಾರೆ. ಒಪ್ಪೋಣ. ಆದರೆ ತೋಟದ ಕೆಲಸದವರ ಹಾಸಿಗೆ ವರ್ಷವಿಡೀ ಒಂದೇ ಅಳತೆ ಇರುವುದಿಲ್ಲ. ಕುಯ್ಲಿನ ಹೊತ್ತಲ್ಲಿ ಕಿಲೋ ಲೆಕ್ಕದಲ್ಲಿ ಕುಯ್ದು ಗಂಡ ಹೆಂಡತಿ ಚೆನ್ನಾಗಿ ದುಡಿಯುತ್ತಾರೆ. ಜೂನ್ ಜುಲೈಗೆ ಮಳೆ ಹಿಡಿದರೆ ವಾರಕ್ಕೆ ಮೂರು ನಾಲ್ಕು ದಿನ ಹಾಜರಿ ಬಿದ್ದರೆ ಹೆಚ್ಚು. ಶಾಲೆ ಕಾಲೇಜು ಶುರುವಾಗುವುದೂ ಆಗಲೇ. ಮಕ್ಕಳಿಗೆ ಜ್ವರ ಬರುವುದೂ ಆಗಲೇ. 2019ರ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯದಲ್ಲಿ ಕಾವೇರಿ ಮನೆಯೊಳಗೆ ಬಂದಾಗ ಪಾತ್ರೆ ಪಗಡೆಯೂ ಉಳಿಯಲಿಲ್ಲ. ಹಾಸಿಗೆಯೇ ತೇಲಿಹೋದವರಿಗೆ ಯಾವ ಗಾದೆ ಹೇಳುವುದು?

ಅಪ್ಪನ ಕೆಂಪು ಪುಸ್ತಕ

ನನ್ನ ಅಪ್ಪ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ಅವರ ಹತ್ತಿರ ಇರುತ್ತಿತ್ತು. ಹೆಸರು, ಹಾಜರಿ, ಅಕ್ಕಿ, ಅಡ್ವಾನ್ಸ್, ಬಾಕಿ ಅಂತ ಕಾಲಂಗಳು. ತೊಂಬತ್ತರ ದಶಕದ ಮಾತು. ನಾನು ಐದನೆಯದೋ ಆರನೆಯದೋ ಓದುತ್ತಿದ್ದೆ. ಒಂದು ರಾತ್ರಿ ಮಳೆಯಲ್ಲಿ ಒಬ್ಬ ಆಳು ಕ್ವಾರ್ಟರ್ಸ್ ಬಾಗಿಲು ಬಡಿದ. ತಲೆ ಮೇಲೆ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿಕೊಂಡಿದ್ದ. ಮಗುವಿಗೆ ಉಸಿರು ಸಿಗುತ್ತಿಲ್ಲ, ಮಡಿಕೇರಿ ಆಸ್ಪತ್ರೆಗೆ ಹೋಗಬೇಕು, ಜೀಪಿಗೆ ದುಡ್ಡಿಲ್ಲ ಅಂದ. ಅಪ್ಪ ಒಂದು ಮಾತೂ ಕೇಳಲಿಲ್ಲ. ಬೀರು ತೆಗೆದು ತೋಟದ ದುಡ್ಡಿನಿಂದ 200 ರೂಪಾಯಿ ಎಣಿಸಿದರು. ಆಮೇಲೆ ಕೆಂಪು ಪುಸ್ತಕ ಬಿಚ್ಚಿದರು. ಹೆಬ್ಬೆಟ್ಟು ಒತ್ತಬೇಕಿತ್ತು. ಅವನ ಕೈ ಒದ್ದೆ, ಇಂಕು ಹರಡಿ ಬರೀ ನೀಲಿ ಕಲೆಯಾಯಿತು. ಅಪ್ಪ ತಮ್ಮ ಹೆಗಲ ಮೇಲಿನ ಟವೆಲಿನಿಂದ ಅವನ ಹೆಬ್ಬೆಟ್ಟು ಒರೆಸಿ ಇನ್ನೊಮ್ಮೆ ಒತ್ತಿಸಿದರು. ಐದು ನಿಮಿಷವೂ ಆಗಿರಲಿಲ್ಲ. ಬಡ್ಡಿ ಒಂದು ಪೈಸೆಯೂ ಇಲ್ಲ. ಮಗು ಉಳಿಯಿತು.

ಬಟವಾಡೆವರೆಗಿನ ಸಾಲಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ ಅಂತ ನನಗೂ ಅನ್ನಿಸುತ್ತಿತ್ತು. ಕಥೆಯ ಉಳಿದ ಭಾಗವನ್ನು ಅಪ್ಪ ರಿಟೈರ್ ಆದ ಮೇಲೆ ಹೇಳಿದರು. ಒಂದೇ ಸಲ ಹೇಳಿದ್ದು. ಆ 200ಕ್ಕೆ ಹಬ್ಬದ ಅಡ್ವಾನ್ಸ್ ಸೇರಿತು, ಅಕ್ಕಿ ಸೇರಿತು, ಮಳೆಗಾಲದ ಖರ್ಚು ಸೇರಿತು. ಎರಡು ವರ್ಷಕ್ಕೆ ಬಾಕಿ ಕಾಲಂನಲ್ಲಿ 1,100 ಆಗಿತ್ತು. ಅಮ್ಮತ್ತಿ ಕಡೆಯ ತೋಟದಲ್ಲಿ ಕೂಲಿ ಜಾಸ್ತಿ, ಭಾವ ಕರೆಯುತ್ತಿದ್ದಾನೆ ಅಂತ ಅವನು ಹೊರಟು ನಿಂತ. ಬಾಕಿ ತೀರಿಸಿ ಹೋಗು ಅಂತ ಧಣಿಗಳ ಮಾತು. ತೀರಿಸಲು ಎಲ್ಲಿತ್ತು? ಅವನು ಹೋಗಲಿಲ್ಲ. "ನಾನು ಬರೆದ ಅಂಕಿನೇ ಅವನ ಕಾಲು ಕಟ್ಟಿ ಹಾಕ್ತು ಕಣೋ" ಅಂದರು ಅಪ್ಪ. ಆ ಮೇಲೆ ಆ ಮಾತೇ ಎತ್ತಲಿಲ್ಲ.

ಜೀತ ರದ್ದು ಮಾಡುವ ಕಾನೂನು 1976ರಲ್ಲೇ ಬಂದಿದೆ. ಸಾಲಕ್ಕಾಗಿ ಆಳನ್ನು ಹಿಡಿದಿಟ್ಟುಕೊಳ್ಳುವುದು ಆ ಕಾನೂನಿನ ಪ್ರಕಾರ ಅಪರಾಧ. ಆದರೆ ಲೈನ್‌ಮನೆಯಲ್ಲಿ ಹುಟ್ಟಿದವರಿಗೆ, ಅದರಲ್ಲೂ ಯರವ, ಪಣಿಯ ಬುಡಕಟ್ಟಿನ ಕುಟುಂಬಗಳಿಗೆ, ಬಾಕಿ ಅನ್ನುವ ಪದದ ಭಾರ ಕಾನೂನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಈಗ ಕಾಲ ಬದಲಾಗಿದೆ. ಆಳು ಸಿಗುವುದೇ ಕಷ್ಟ, ಅಸ್ಸಾಮಿನಿಂದ ಜನ ಬರುತ್ತಿದ್ದಾರೆ. ಅವರನ್ನು ಉಳಿಸಿಕೊಳ್ಳಲೂ ಅಡ್ವಾನ್ಸೇ ದಾರಿಯಾಗಿದೆ. ಬಡ್ಡಿ ಇಲ್ಲ ಅಂದಮಾತ್ರಕ್ಕೆ ಸಾಲ ಪುಕ್ಕಟೆ ಆಗುವುದಿಲ್ಲ. ಎಲ್ಲಿ ಬೇಕಾದರೂ ಹೋಗಿ ದುಡಿಯುವ ಹಕ್ಕನ್ನು ಅದಕ್ಕೆ ಒತ್ತೆ ಇಟ್ಟಂತಾಗುತ್ತದೆ.

ಆದರೂ ಅಪ್ಪನ ಆ ಐದು ನಿಮಿಷ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ನಮ್ಮ ಪಕ್ಕದ ಒಬ್ಬ ಬೆಳೆಗಾರರು ಬೇರೆ ರೀತಿ ಮಾಡುತ್ತಾರೆ. ಅವರದು ಸಣ್ಣ ತೋಟ. ವಾರದ ನಡುವೆ ಯಾರಿಗಾದರೂ ದುಡ್ಡು ಬೇಕಾದರೆ, ಅವತ್ತಿನವರೆಗೆ ಬಿದ್ದಿರುವ ಹಾಜರಿ ಎಣಿಸಿ ಅಷ್ಟನ್ನು ಫೋನಿನಲ್ಲೇ ಕಳಿಸಿಬಿಡುತ್ತಾರೆ. ಸೋಮವಾರ, ಮಂಗಳವಾರ, ಬುಧವಾರ ದುಡಿದಿದ್ದರೆ ಆ ಮೂರು ದಿನದ ಕೂಲಿ ಆಳಿನದೇ ದುಡ್ಡು. ಭಾನುವಾರದ ತನಕ ಅದು ಧಣಿಯ ಹತ್ತಿರ ಇರುತ್ತದೆ ಅಷ್ಟೇ. ಅದನ್ನು ಬುಧವಾರವೇ ಕೊಟ್ಟರೆ ಸಾಲವೂ ಆಗುವುದಿಲ್ಲ, ಬಾಕಿ ಕಾಲಂ ಕೂಡ ಬೇಕಾಗುವುದಿಲ್ಲ. ತಿಂಗಳಿಗೊಮ್ಮೆ ಸಂಬಳ ಕೊಡುವ ಅಂಗಡಿ, ಹೋಂಸ್ಟೇ, ರೆಸಾರ್ಟಿನವರು ಇದನ್ನು ಮಾಡಿದರೆ ಎಷ್ಟೋ ಜನ ಆ್ಯಪ್ ಕಡೆ ತಲೆ ಹಾಕುವುದಿಲ್ಲ ಅನ್ನುವುದು ನನ್ನ ನಂಬಿಕೆ. ಖರ್ಚಿಲ್ಲದ ದಾರಿ ಇದು. ಹಾಜರಿಯೇ ಬೀಳದ ಮಳೆವಾರಕ್ಕೆ ಮಾತ್ರ ಇದೂ ಆಗಿಬರುವುದಿಲ್ಲ.

ಭಾನುವಾರ ಬ್ಯಾಂಕಿಗೆ ರಜೆ

ನಮ್ಮ ಸಂತೆ ಭಾನುವಾರ. ತೋಟದವರಿಗೆ ರಜೆ ಇರುವುದು ಅವತ್ತೊಂದೇ ದಿನ. ಅವತ್ತು ಬ್ಯಾಂಕಿಗೂ ರಜೆ. ಬ್ಯಾಂಕಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಫೋಟೋ ತರಲಿಲ್ಲ, ಮ್ಯಾನೇಜರ್ ಇಲ್ಲ, ಸರ್ವರ್ ಇಲ್ಲ ಅಂತ ಎರಡು ಸಲ ವಾಪಸ್ ಬಂದರೆ ಮೂರು ದಿನದ ಕೂಲಿ ಹೋಯಿತು. ಕಡಿಮೆ ಬಡ್ಡಿಯ ಸಾಲಕ್ಕೆ ಇದೂ ಒಂದು ಬಡ್ಡಿಯೇ. ಯಾವ ಬೋರ್ಡಿನಲ್ಲೂ ಇದನ್ನು ಬರೆದಿರುವುದಿಲ್ಲ.

ಇಷ್ಟಾದರೂ ಇರುವ ದಾರಿಗಳನ್ನು ತಿಳಿದಿರಬೇಕು. ಚೂರು ಚಿನ್ನ ಇದ್ದರೆ ಗಿರವಿ ಅಂಗಡಿಗಿಂತ ಬ್ಯಾಂಕು, ಸಹಕಾರ ಸಂಘ ಎಷ್ಟೋ ವಾಸಿ. ಕಾರ್ಡು, ಜಾಮೀನು ಅಂತ ಹೆಚ್ಚು ಕೇಳುವುದಿಲ್ಲ, ಕೊಡುವುದು ಅವತ್ತೇ, ಬಡ್ಡಿಯ ಲೆಕ್ಕ ಇರುವುದು ವರ್ಷಕ್ಕೆ. ಜನಧನ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ 10,000ದವರೆಗೆ ತೆಗೆಯುವ ಓವರ್‌ಡ್ರಾಫ್ಟ್ ಸಿಗುವ ಅವಕಾಶ 2018ರಿಂದ ಇದೆ. ಅದರಲ್ಲಿ 2,000ದವರೆಗೆ ಯಾವ ಷರತ್ತೂ ಇಲ್ಲ. ನನ್ನ ಅಂಗಡಿಗೆ ಬರುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತು ಅಂತ ಕೇಳುತ್ತಾ ಬಂದೆ. ಒಬ್ಬರೂ ಸಿಗಲಿಲ್ಲ. ಕುಶಾಲನಗರ, ವಿರಾಜಪೇಟೆ, ಮಡಿಕೇರಿಯಂಥ ಪಟ್ಟಣದಲ್ಲಿ ಗಾಡಿ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ 2020ರಲ್ಲಿ ಶುರುವಾದ ಸ್ವನಿಧಿ ಸಾಲ ಇದೆ. ಮೊದಲ ಕಂತು 10,000 ಇದ್ದದ್ದು 2025ರಲ್ಲಿ 15,000 ಆಯಿತು. ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ನೂರಕ್ಕೆ ಏಳನ್ನು ಸರ್ಕಾರ ಹೊರುತ್ತದೆ.

ಪಿಎಫ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಅದನ್ನು ನಾನು ದಿನಾ ನೋಡುತ್ತೇನೆ. ದೊಡ್ಡ ತೋಟಗಳ ಖಾಯಂ ಕೆಲಸಗಾರರಿಗೆ ಪಿಎಫ್ ಇದೆ. ಕಾಯಿಲೆ ಕಸಾಲೆಗೆ ಅದರಿಂದ ಅಡ್ವಾನ್ಸ್ ತೆಗೆಯಬಹುದು. ಅದು ಅವರದೇ ದುಡ್ಡು. ಬಡ್ಡಿ ಕಟ್ಟಬೇಕಾಗಿಲ್ಲ, ವಾಪಸ್ ಕೊಡಬೇಕಾಗಿಲ್ಲ. ಎಲ್ಲ ಸರಿ ಇದ್ದರೆ ಫೋನಿನಲ್ಲೇ ಅರ್ಜಿ ಹಾಕಿ ಕೆಲವೇ ದಿನದಲ್ಲಿ ಖಾತೆಗೆ ಬರುತ್ತದೆ. ಆದರೆ ಎಲ್ಲ ಸರಿ ಇರುವುದು ಯಾವಾಗ? ತೋಟದ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು. ಗಂಡನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಹುಟ್ಟಿದ ತಾರೀಕು ಎಲ್ಲರದೂ ಜನವರಿ ಒಂದು. ಒಂದಕ್ಷರ ಸರಿ ಮಾಡಿಸಲು ತಿಂಗಳು ಹಿಡಿಯುತ್ತದೆ. ಮಗು ಆಸ್ಪತ್ರೆಯಲ್ಲಿ ಇರುವಾಗ ಹೆಸರು ತಿದ್ದಿಸಲು ಬರುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಈಗ ನಾನು ಜನವರಿಯಲ್ಲೇ, ಫೋಟೋ ತೆಗೆಸಲು ಬಂದವರನ್ನೆಲ್ಲ ಕೂರಿಸಿ, ಪಿಎಫ್ ಇದೆಯಾ, ಹೆಸರು ಸರಿ ಇದೆಯಾ ಅಂತ ನೋಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಂಟ್ರಾಕ್ಟಿನಲ್ಲಿ ಬಂದ ಆಳುಗಳಿಗೆ ಪಿಎಫ್ಫೇ ಇರುವುದಿಲ್ಲ, ಅದು ಬೇರೆ ನೋವು.

ಇನ್ನು ಸಹಕಾರ ಸಂಘ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಸೇರಿಸಿ ಸಂಘ ಕಟ್ಟಿದರು. ಬೆಳೆಯುವವನು ಬಡ್ಡಿಗೆ ಬೀಳದಿರಲಿ ಅಂತ ಶುರುವಾದ ಕೆಲಸ. ಇವತ್ತು ಅದೇ ಸಂಘಗಳ ಮೂಲಕ ನಮ್ಮ ರಾಜ್ಯದಲ್ಲಿ 5 ಲಕ್ಷದವರೆಗೆ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. 2023ರ ಬಜೆಟ್ಟಿನಲ್ಲಿ 3 ಲಕ್ಷ ಇದ್ದದ್ದನ್ನು ಹೆಚ್ಚಿಸಿದರು. ಬೇಕಾದದ್ದೇ. ಕಾಫಿ ಬೆಳೆಗಾರರ ಕಷ್ಟ ನನಗೆ ಗೊತ್ತು, ಅಕಾಲದ ಮಳೆಗೆ ಕಾಯಿ ಉದುರಿದ್ದನ್ನು ನೋಡಿದ್ದೇನೆ. ಆದರೆ ಆ ಸಾಲಕ್ಕೆ ಪಹಣಿ ಬೇಕು. ಲೈನ್‌ಮನೆಯವರ ಹತ್ತಿರ ಪಹಣಿ ಎಲ್ಲಿಂದ ಬರಬೇಕು? ತೋಟ ಇದ್ದವರಿಗೆ 5 ಲಕ್ಷಕ್ಕೆ ಬಡ್ಡಿ ಇಲ್ಲ. ಅದೇ ತೋಟದಲ್ಲಿ ಕುಯ್ಯುವವರಿಗೆ 3,200ಕ್ಕೆ ವಾರಕ್ಕೆ 1,800. ಇದು ನನ್ನನ್ನು ಬಹಳ ಕಾಡುತ್ತದೆ. ಅಮೆರಿಕದಲ್ಲಿ ಸಹಕಾರಿ ಕ್ರೆಡಿಟ್ ಯೂನಿಯನ್‌ಗಳಿಗೆ 2010ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಒಂದು ದಾರಿ ಮಾಡಿಕೊಟ್ಟಿತು. ಸದಸ್ಯರಿಗೆ 200ರಿಂದ 1,000 ಡಾಲರ್ ಸಾಲ, ತೀರಿಸಲು ಒಂದರಿಂದ ಆರು ತಿಂಗಳು, ಬಡ್ಡಿ ವರ್ಷಕ್ಕೆ ನೂರಕ್ಕೆ 28 ಮೀರುವಂತಿಲ್ಲ, ಅರ್ಜಿ ಫೀ 20 ಡಾಲರ್ ಒಳಗೆ. 28 ಅಂದರೆ ನಮಗೆ ಜಾಸ್ತಿಯೇ. ಆದರೆ 390ರ ಪಕ್ಕದಲ್ಲಿಟ್ಟು ನೋಡಿ. ನಮ್ಮ ಸಂಘಗಳಲ್ಲೂ ಪಹಣಿ ಇಲ್ಲದ ಕೆಲಸಗಾರರನ್ನು ಸದಸ್ಯರನ್ನಾಗಿ ಮಾಡಿಕೊಂಡು, ಭಾನುವಾರ ಸಂತೆ ಹೊತ್ತಲ್ಲಿ ಎರಡು ಗಂಟೆ ಕೌಂಟರ್ ತೆಗೆದರೆ ಏನಾಗುತ್ತದೆ? ಒಬ್ಬ ನಿರ್ದೇಶಕರನ್ನು ಕೇಳಿದೆ. ಸಣ್ಣ ಸಾಲಕ್ಕೆ ಖರ್ಚು ಜಾಸ್ತಿ ಮಾರಾಯಾ ಅಂದರು. 3,000ಕ್ಕೂ 3 ಲಕ್ಷಕ್ಕೂ ಬರೆಯುವ ಕಾಗದ ಒಂದೇ. ಅವರ ಮಾತಿನಲ್ಲೂ ಸತ್ಯ ಇದೆ.

ಮೈಕ್ರೋ ಫೈನಾನ್ಸ್‌ನವರು ಮನೆ ಬಾಗಿಲಿಗೇ ಬರುತ್ತಾರೆ, ನಿಜ. ಆದರೆ 3,000 ಬೇಕಾದವರಿಗೆ 40,000, 50,000 ಕೊಡುತ್ತಾರೆ. ಆಮೇಲೆ ವಾರ ವಾರ ಕಂತು, ಎರಡು ವರ್ಷ. ಜೂನ್ ತಿಂಗಳಲ್ಲೂ ಅದೇ ಕಂತು. ಅವರ ಕಾಟ ತಾಳಲಾರದೆ ಊರು ಬಿಟ್ಟವರ ಸುದ್ದಿ ಪೇಪರಿನಲ್ಲಿ ಬಂದು, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕುವಂತಿಲ್ಲ, ವರ್ಷದ ಬಡ್ಡಿ ಎಷ್ಟು ಅಂತ ಮೊದಲೇ ತೋರಿಸಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅಧಿಕೃತ ಆ್ಯಪ್‌ಗಳ ಪಟ್ಟಿ ಈಗ ಅದರ ವೆಬ್‌ಸೈಟಿನಲ್ಲಿದೆ. ಯಾರಾದರೂ ಸಾಲದ ಆ್ಯಪ್ ಹಾಕಿಕೊಡಿ ಅಂತ ಬಂದರೆ ನಾನು ಮೊದಲು ಆ ಪಟ್ಟಿ ನೋಡುತ್ತೇನೆ. ಕಾನೂನು ಇರುವುದು ಒಳ್ಳೆಯದು. ಆದರೆ ಅದು ಕೈಗೆ ಸಿಗುವುದು ಕಾಟ ಶುರುವಾದ ಮೇಲೆ. ಅಕ್ಕ ಕೇಳಿದ್ದು ಅದಕ್ಕೂ ಮುಂಚಿನ ಮಾತು.

ತಗಡಿನ ಪೆಟ್ಟಿಗೆ

ಉತ್ತರದ ಒಂದು ತುಣುಕು ಆ ಅಕ್ಕನ ಲೈನ್‌ಮನೆಯ ಜಗಲಿಯಲ್ಲೇ ಇತ್ತು. ಅಲ್ಲಿ ಹದಿನೈದು ಹೆಂಗಸರ ಒಂದು ಸಂಘ ಇದೆ. ಈ ಅಕ್ಕ ಅದರಲ್ಲಿ ಇರಲಿಲ್ಲ. ಹಿಂದೆ ಒಮ್ಮೆ ಸೇರಿ, ವಾರದ ದುಡ್ಡು ಕಟ್ಟಲಾಗದೆ ಬಿಟ್ಟಿದ್ದರಂತೆ. ಓಲೆ ಗಿರವಿಗೆ ಹೋದ ಮೇಲೆ ಮತ್ತೆ ಸೇರಿದರು. ಪುಸ್ತಕ ಹೇಗೆ ಬರೆಯಬೇಕು ಅಂತ ನೋಡಿ ಹೇಳಿ ಅಂತ ನನ್ನನ್ನೂ ಒಂದು ಭಾನುವಾರ ಕರೆದರು.

ಸಂಜೆ ನಾಲ್ಕರ ಹೊತ್ತು. ಸಂತೆಯಿಂದ ಬಂದ ಚೀಲಗಳೆಲ್ಲ ಗೋಡೆಗೆ ಒರಗಿದ್ದವು, ಒಣಮೀನಿನ ವಾಸನೆ. ನಡುವೆ ಒಂದು ತಗಡಿನ ಪೆಟ್ಟಿಗೆ. ಬೀಗದ ಕೈ ಒಬ್ಬರ ಹತ್ತಿರ, ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ, ಪುಸ್ತಕ ಮೂರನೆಯವರ ಹತ್ತಿರ. ಬರೆಯುವುದು ಒಂಬತ್ತನೇ ಕ್ಲಾಸಿನ ಹುಡುಗಿ. ಒಬ್ಬೊಬ್ಬರೂ 50 ರೂಪಾಯಿ ಇಟ್ಟರು. ಇಬ್ಬರು 20 ಇಟ್ಟು, ಉಳಿದದ್ದು ಮುಂದಿನ ವಾರ ಅಂದರು. ಹುಡುಗಿ ಅದನ್ನೂ ಬರೆದಳು. ಆಮೇಲೆ ಒಬ್ಬ ವಯಸ್ಸಾದ ಹೆಂಗಸು, ಕಣ್ಣಿನ ಆಪರೇಷನ್ನಿಗೆ ಹೋಗಿ ಬರಲು 3,000 ಬೇಕು ಅಂದರು. "ಆಪರೇಷನ್ ಫ್ರೀ ಅಲ್ವಾ ಅತ್ತೆ?" ಅಂತ ಅಧ್ಯಕ್ಷೆ ಕೇಳಿದರು. "ಬಸ್ಸು, ಊಟ, ಜೊತೆಗೆ ಬರೋಳಿಗೆ ಎರಡು ದಿನದ ಕೂಲಿ." ಎಲ್ಲರೂ ಬಾಯಲ್ಲೇ ಲೆಕ್ಕ ಹಾಕಿದರು. "ಅತ್ತೆ, 2,000 ಸಾಕು. ನಿಮ್ಮ ಜೊತೆ ನಾನು ಬರ್ತೀನಿ, ನನಗೆ ಕೂಲಿ ಬೇಡ" ಅಂದರು ಒಬ್ಬರು. ಯಾವಾಗ ತೀರಿಸುವುದು? ಹುತ್ತರಿ ಹಬ್ಬ ಕಳೆದು ಕುಯ್ಲು ಶುರುವಾದ ಮೇಲೆ, ವಾರಕ್ಕೆ 200ರಂತೆ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಪೆಟ್ಟಿಗೆ ತೆಗೆದು ನೋಟು ಎಣಿಸಿ ಕೊಟ್ಟರು. ಎಲ್ಲ ಸೇರಿ ಹದಿನೈದು ನಿಮಿಷ. ಆ ಬಡ್ಡಿಯೂ ಅದೇ ಪೆಟ್ಟಿಗೆಗೆ ಬೀಳುತ್ತದೆ, ವರ್ಷದ ಕೊನೆಗೆ ಅವರಿಗೇ ಹಂಚಿಕೆ.

ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಎಂಬತ್ತರ ದಶಕದಲ್ಲೇ ಇಂಥ ಗುಂಪುಗಳನ್ನು ಕಟ್ಟಿದವು. 1992ರಲ್ಲಿ ಗ್ರಾಮೀಣ ಅಭಿವೃದ್ಧಿ ಬ್ಯಾಂಕಾದ ನಬಾರ್ಡ್ ಇವುಗಳನ್ನು ಬ್ಯಾಂಕಿನ ಜೊತೆ ಜೋಡಿಸಿತು. 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಈಗ ಗೃಹಲಕ್ಷ್ಮಿಯ 2,000 ಬಂದಾಗ ಕೆಲವರು ಒಂದು ಪಾಲು ಪೆಟ್ಟಿಗೆಗೆ ಹಾಕುತ್ತಾರೆ. ಸಣ್ಣ ಸಾಲಕ್ಕೆ ಖರ್ಚು ಜಾಸ್ತಿ ಅಂದ ನಿರ್ದೇಶಕರ ಮಾತಿಗೆ ಉತ್ತರ ಇಲ್ಲಿದೆ. ಆ ಖರ್ಚನ್ನು ಈ ಹೆಂಗಸರು ತಮ್ಮ ಭಾನುವಾರದ ಬಿಡುವಿನಿಂದ ಕೊಡುತ್ತಿದ್ದಾರೆ. ಪುಸ್ತಕ ಬರೆಯುವ ಹುಡುಗಿಗೆ ಯಾರೂ ಸಂಬಳ ಕೊಡುವುದಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಎಲ್ಲರ ಮುಂದೆ ಕೇಳಬೇಕು. ಗಂಡ ಕುಡಿದು ಕಳೆದದ್ದನ್ನು, ಮಗಳ ಗುಟ್ಟಿನ ಕಾಯಿಲೆಯನ್ನು ಹದಿನೈದು ಜನರ ಮುಂದೆ ಹೇಳುವುದು ಸುಲಭ ಅಲ್ಲ. ಅದಕ್ಕೆ ಈ ಸಂಘದಲ್ಲಿ ಒಂದು ರೂಢಿ ಮಾಡಿಕೊಂಡಿದ್ದಾರೆ. 1,000ದವರೆಗೆ ಆದರೆ ಯಾಕೆ ಅಂತ ಕೇಳುವಂತಿಲ್ಲ. ವಾರದ ನಡುವೆ ಬೇಕಾದರೂ ಮೂವರು ಸೇರಿ ಪೆಟ್ಟಿಗೆ ತೆಗೆಯಬಹುದು. ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು.

ಆದರೆ ಕಳೆದ ಜೂನ್‌ನಲ್ಲಿ ಆ ಪೆಟ್ಟಿಗೆಯೂ ಸೋತಿತು. ಜೂನ್ ಹತ್ತರ ಹೊತ್ತಿಗೆ ಒಳಗೆ 1,400 ರೂಪಾಯಿ ಉಳಿದಿತ್ತು. ಕೇಳುವವರು ಏಳು ಜನ. ಒಂದೇ ತೋಟ, ಒಂದೇ ಮಳೆ, ಒಂದೇ ಶಾಲೆ. ಎಲ್ಲರಿಗೂ ಒಟ್ಟಿಗೇ ಕೊರತೆ ಬೀಳುತ್ತದೆ. ಒಬ್ಬರ ಹತ್ತಿರ ಇದ್ದಾಗ ಇನ್ನೊಬ್ಬರಿಗೆ ಇಲ್ಲ ಅನ್ನುವಂತಿದ್ದರೆ ಮಾತ್ರ ಇಂಥ ಪೆಟ್ಟಿಗೆ ನಡೆಯುತ್ತದೆ. ಆ ಏಳರಲ್ಲಿ ಇಬ್ಬರು ಮತ್ತೆ ದಿನದ ಕಂತಿನವರ ಹತ್ತಿರ ಹೋದರು. ಅವರ ಆಧಾರ್ ಜೆರಾಕ್ಸ್ ಮಾಡಿದ್ದು ನಾನು.

ಈ ವರ್ಷ ಫೆಬ್ರವರಿಯಲ್ಲಿ, ರೊಬಸ್ಟಾ ಕುಯ್ಲು ಜೋರಾಗಿದ್ದಾಗ, ಆ ಅಕ್ಕ ಒಂದು ಭಾನುವಾರ ಸಂತೆ ಚೀಲದ ಜೊತೆ ಅಂಗಡಿಗೆ ಬಂದರು. ಬೆರಳ ತುದಿಗಳೆಲ್ಲ ಕಾಫಿ ಹಣ್ಣಿನ ಅಂಟಿಗೆ ಕಪ್ಪಾಗಿದ್ದವು. ಹೊಸದೊಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ದರು. ಕುಯ್ಲು ಮುಗಿಯುವ ತನಕ ವಾರಕ್ಕೆ 50ರ ಜೊತೆ ಇನ್ನೊಂದು 100 ಬೇರೆ ಕಟ್ಟಬೇಕು, ಶಾಲೆ ಬಾಗಿಲು ತೆಗೆಯುವವರೆಗೆ ಅದನ್ನು ಯಾರೂ ಮುಟ್ಟಬಾರದು ಅಂತ ಮಾತಾಗಿದೆಯಂತೆ. ಆ ದುಡ್ಡನ್ನು ಪೆಟ್ಟಿಗೆಯಲ್ಲಿ ಇಡುವುದಿಲ್ಲ, ಸಂಘದ ಖಾತೆಗೆ ಹಾಕುತ್ತಾರೆ. ಬ್ಯಾಂಕಿಗೆ ವಾರಕ್ಕೊಬ್ಬರ ಸರದಿ. ಹೋದವರ ಅವತ್ತಿನ ಕೂಲಿಯನ್ನು ಉಳಿದವರು ಹಂಚಿಕೊಂಡು ಕೊಡುತ್ತಾರೆ. ನಾನು ಕ್ಯಾಲ್ಕುಲೇಟರ್ ಒತ್ತಿದೆ. ಅಕ್ಕನೂ ಸೇರಿ ಈಗ ಹದಿನಾರು ಜನ, ಹತ್ತು ವಾರ, 16,000. ಮೂರು ಮೂರು ಸಾವಿರದಂತೆ ಐದು ಜನರಿಗೆ ಆಗುತ್ತದೆ. "ಏಳು ಜನರಿಗೆ ಸಾಲಲ್ಲ ಅಕ್ಕ" ಅಂದೆ. "ಗೊತ್ತು ಅಣ್ಣ. ಎರಡೆರಡು ಸಾವಿರ ಕೊಟ್ರೆ ಎಂಟು ಜನಕ್ಕಾಗುತ್ತೆ" ಅಂದರು.

ಪುಸ್ತಕವನ್ನು ನನ್ನ ಕಡೆ ತಳ್ಳಿ, ಮೇಲೆ ದೊಡ್ಡದಾಗಿ ಹೆಸರು ಬರೆದುಕೊಡಿ ಅಂದರು. ಸಂಘದ ಹೆಸರಾ ಅಂತ ಕೇಳಿದೆ. ಬೇಡ, ಆ ಹೆಸರಿನದು ಬೇರೆ ಪುಸ್ತಕ ಇದೆ, ಎರಡೂ ಕಲೆತುಹೋಗುತ್ತೆ ಅಂದರು. ಮಾರ್ಕರ್ ತೆಗೆದುಕೊಂಡು ರಟ್ಟಿನ ಮೇಲೆ ಅವರು ಹೇಳಿದಂತೆ ಜೂನ್ ಅಂತ ಬರೆದೆ. ಇಂಕು ಒಣಗುವ ತನಕ ಅವರು ಅದನ್ನು ಫ್ಯಾನಿನ ಕೆಳಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.